ಮಳಖೇಡದಲ್ಲಿ ನೋಡುವುದಕ್ಕೆ ಏನಿದೆ?

ಹಂಪಿಗೆ ಹೋಗಿಬಂದವರು, ಬಾದಾಮಿ-ಪಟ್ಟದಕಲ್ಲು ಸುತ್ತಿದವರು, ಗೋಳಗುಮ್ಮಟದೊಳಗೆ ನಿಂತು ತಮ್ಮ ಹೆಸರನ್ನೇ ಕೂಗಿ ಪ್ರತಿಧ್ವನಿ ಕೇಳಿದವರು ನನಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕನ್ನಡದ ಮೊದಲ ಗ್ರಂಥ ಹುಟ್ಟಿದ ಮಾನ್ಯಖೇಟ ಈಗಿನ ಮಳಖೇಡವಂತೆ, ಅಲ್ಲಿ ನೋಡುವುದಕ್ಕೆ ಏನಿದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದೆ? ಇನ್ನು ಕೆಲವರು ಹೋಗಿಬಂದು ಬರೆಯುತ್ತಾರೆ. ಅವರದು ಪ್ರಶ್ನೆಗಿಂತ ದೂರು: 'ಏನೂ ಇಲ್ಲವಲ್ಲ ಸ್ವಾಮಿ!'

ದೂರಿನಲ್ಲಿ ಅರ್ಧ ಸತ್ಯವಿದೆ. ಕಲಬುರಗಿಯಿಂದ ಸೇಡಂ ಕಡೆಗೆ ಹೊರಟರೆ ಸುಮಾರು 40 ಕಿಲೋಮೀಟರಿಗೆ ಮಳಖೇಡ ಸಿಗುತ್ತದೆ. ದಾರಿಯ ಎರಡೂ ಬದಿಗೆ ತೊಗರಿ ಹೊಲ, ನಡುನಡುವೆ ಸುಣ್ಣಕಲ್ಲಿನ ಗಣಿ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಊರ ಪಕ್ಕದಲ್ಲಿ ಕಾಗಿಣಾ ನದಿ, ಅದರ ದಂಡೆಗೆ ಕೋಟೆ. ಆ ಕೋಟೆಯನ್ನೂ ಮುಂದೆ ಬಂದ ಅರಸರು, ಸುಲ್ತಾನರು ತಮಗೆ ಬೇಕಾದಂತೆ ತಿದ್ದಿ ಕಟ್ಟಿದ್ದಾರೆ. ಕಂಡ ಪ್ರತಿ ಕಲ್ಲಿಗೂ ನೃಪತುಂಗನ ಹೆಸರು ಹಚ್ಚಿ ಭಾವುಕರಾಗುವಂತಿಲ್ಲ. ಊರೊಳಗೆ ನೇಮಿನಾಥ ಬಸದಿಯಿದೆ. ಅಲ್ಲಿಯ ಪಂಚಲೋಹದ ಪುಟ್ಟ ಮಂಟಪದಲ್ಲಿ 96 ಜಿನಬಿಂಬಗಳಿವೆ, ಅದನ್ನು ತಪ್ಪದೆ ನೋಡಬೇಕು. ಇನ್ನೊಂದು ಕಡೆ ಟೀಕಾರಾಯರ ಮಠ. ನಾನು ಹೋದಾಗ ದಾರಿ ಕೇಳಿದ ಹಿರಿಯರೊಬ್ಬರು, "ಏನ್ ನೋಡ್ಲಾಕ ಬಂದೀರ್ರಿ? ಮಠಕ್ಕಾದ್ರ ಈ ಕಡಿ ಹೋಗ್ರಿ, ಕಿಲ್ಲಾಕ್ಕಾದ್ರ ಆ ಕಡಿ. ಕಿಲ್ಲಾದಾಗ ಏನೂ ಉಳದಿಲ್ಲ ನೋಡ್ರಿ" ಎಂದು ಮೊದಲೇ ಎಚ್ಚರಿಸಿದ್ದರು.

ಹಾಗಾದರೆ ಉಳಿದದ್ದು ಎಲ್ಲಿದೆ? ರಾಷ್ಟ್ರಕೂಟರು ಕಲ್ಲಿನಲ್ಲಿ ಸಾಧಿಸಿದ ದೊಡ್ಡ ಕೆಲಸವಾದ ಎಲ್ಲೋರದ ಕೈಲಾಸ ದೇವಾಲಯ ಎಂಟನೆಯ ಶತಮಾನದ ಒಂದನೆಯ ಕೃಷ್ಣನ ಕಾಲದ್ದು, ಮಾನ್ಯಖೇಟ ರಾಜಧಾನಿಯಾಗುವುದಕ್ಕಿಂತ ಹಿಂದಿನದು. ಮಾನ್ಯಖೇಟಕ್ಕೆ ರಾಜಧಾನಿಯ ಪಟ್ಟ ಬಂದದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಅವನು 814ರಲ್ಲಿ ಇನ್ನೂ ಹುಡುಗನಾಗಿದ್ದಾಗ ಸಿಂಹಾಸನವೇರಿ 64 ವರ್ಷ ಆಳಿದ. ದೇವೇಂದ್ರನ ಅಮರಾವತಿಯನ್ನೇ ಹಾಸ್ಯ ಮಾಡುವಂಥ ಪಟ್ಟಣವನ್ನು ಕಟ್ಟಿದನೆಂದು ಅವನ ವಂಶದವರ ತಾಮ್ರಶಾಸನಗಳು ಹೊಗಳುತ್ತವೆ. ಶಾಸನಕವಿಗಳ ಮಾತಿಗೆ ಒಂದಿಷ್ಟು ಸೋಡಿ ಬಿಟ್ಟರೂ ಊರು ದೊಡ್ಡದಿತ್ತು ಎಂಬುದರಲ್ಲಿ ಸಂಶಯ ಬೇಡ. 851ರ ಹೊತ್ತಿಗೆ ಅರಬ್ಬರ ಬರಹವೊಂದು ಲೋಕದ ನಾಲ್ಕು ಮಹಾರಾಜರನ್ನು ಎಣಿಸುವಾಗ ಬಗ್ದಾದಿನ ಖಲೀಫ, ಚೀನಾದ ದೊರೆ, ರೂಮಿನ ದೊರೆ ಇವರ ಸಾಲಿನಲ್ಲಿ 'ಬಲ್ಹರಾ'ನನ್ನು ನಿಲ್ಲಿಸುತ್ತದೆ. ಬಲ್ಹರಾ ಎಂದರೆ ನಮ್ಮ ವಲ್ಲಭರಾಜ, ಅಂದರೆ ರಾಷ್ಟ್ರಕೂಟರ ಅರಸ. ಮುಂದಿನ ಶತಮಾನದಲ್ಲಿ ಅಲ್ ಮಸೂದಿ ಈ ಅರಸನ ಊರನ್ನು 'ಮಾಂಕೀರ್' ಎಂದು ಹೆಸರಿಸಿ, ಅಲ್ಲಿಯ ಜನ 'ಕೀರಿಯ' ಎಂಬ ನುಡಿ ಆಡುತ್ತಾರೆಂದು ಬರೆದ. ಅದು ಕನ್ನಡವೇ ಎಂದು ವಿದ್ವಾಂಸರು ಊಹಿಸಿದ್ದಾರೆ.

ನನ್ನ ಮಟ್ಟಿಗೆ ಮಾನ್ಯಖೇಟವನ್ನು ನೋಡಬೇಕಾದದ್ದು ಕಪಾಟಿನಲ್ಲಿ. ಇದನ್ನು ಚಮತ್ಕಾರಕ್ಕೆ ಹೇಳುತ್ತಿಲ್ಲ. ನೂರೈವತ್ತು ವರ್ಷಗಳ ಅವಧಿಯಲ್ಲಿ ಈ ಊರಿನ ಅರಸರ, ಮಂತ್ರಿಗಳ, ಸಾಮಂತರ ಆಸರೆಯಲ್ಲಿ ಹುಟ್ಟಿದ ಗ್ರಂಥಗಳನ್ನು ಒಂದು ಮೇಜಿನ ಮೇಲೆ ಒಟ್ಟಿದರೆ ಕಣ್ಣಿಗೆ ಹೊಡೆಯುವುದು ಅವುಗಳ ಸಂಖ್ಯೆಗಿಂತ ಅವು ಎಷ್ಟು ಬಗೆಯವು ಎಂಬುದು.

ಮೊದಲು ಗಣಿತ. ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ' ಅಮೋಘವರ್ಷನ ಹೊಗಳಿಕೆಯಿಂದಲೇ ಶುರುವಾಗುತ್ತದೆ. ಅದುವರೆಗೆ ನಮ್ಮಲ್ಲಿ ಗಣಿತವೆಂದರೆ ಬಹುಮಟ್ಟಿಗೆ ಜ್ಯೋತಿಷ ಗ್ರಂಥದ ಒಂದೆರಡು ಅಧ್ಯಾಯ. ಗ್ರಹಗಣಿತದ ಗೊಡವೆಯಿಲ್ಲದೆ ಗಣಿತಕ್ಕಾಗಿಯೇ ಒಂದು ಪಠ್ಯ ಬರೆದದ್ದು ಈತನ ಹೆಚ್ಚುಗಾರಿಕೆ. ಶಾಲೆಯಲ್ಲಿ ನಾವು ಲಸಾಅ ಎಂದು ಕಲಿತೆವಲ್ಲ, ಭಿನ್ನರಾಶಿಗಳನ್ನು ಕೂಡಿಸಲು ಅದನ್ನು ಬಳಸುವ ಕ್ರಮ ಇಲ್ಲಿ ಇದೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವನೂ ಇವನೇ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆಂದು ಹೇಳಿ ತಪ್ಪಿದವನೂ ಇವನೇ ಅನ್ನಿ. ನನಗೆ ಹೆಚ್ಚು ಪ್ರಿಯವಾದದ್ದು ಗ್ರಂಥದ ಆರಂಭದಲ್ಲಿ ಗಣಿತ ಎಲ್ಲೆಲ್ಲಿ ಬೇಕು ಎಂದು ಅವನು ಕೊಡುವ ಪಟ್ಟಿ. ಅದರಲ್ಲಿ ಅರ್ಥಶಾಸ್ತ್ರ, ವೈದ್ಯ, ವಾಸ್ತು, ವ್ಯಾಕರಣ ಬರುತ್ತವೆ. ಜೊತೆಗೆ ಕಾಮಶಾಸ್ತ್ರ, ಸಂಗೀತ, ನಾಟಕ, ಅಡುಗೆಯೂ ಬರುತ್ತವೆ! ಮದರಾಸಿನಲ್ಲಿ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚುಹಾಕಿಸಿದ ಮೇಲೆ ಹೊರಗಿನ ಲೋಕಕ್ಕೂ ಮಹಾವೀರ ಗೊತ್ತಾದ.

ಇನ್ನು ವ್ಯಾಕರಣ. ಪಾಲ್ಯಕೀರ್ತಿ ಶಾಕಟಾಯನ ಸಂಸ್ಕೃತಕ್ಕೆ ಹೊಸದೊಂದು ವ್ಯಾಕರಣ ಬರೆದು, ಅದರ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು 'ಅಮೋಘವೃತ್ತಿ' ಎಂದು ಕರೆದ. ತನ್ನ ಕಾಲದಲ್ಲೇ ನಡೆದ, ನೋಡಬಯಸಿದ್ದರೆ ತಾನೇ ನೋಡಬಹುದಾಗಿದ್ದ ಸಂಗತಿಯನ್ನು ಹೇಳುವಾಗ ಯಾವ ಭೂತಕಾಲ ಬಳಸಬೇಕು ಎಂಬ ಸೂತ್ರ ಅಲ್ಲಿ ಬರುತ್ತದೆ. ಉದಾಹರಣೆಗೆ ಆತ ಆರಿಸಿಕೊಂಡದ್ದು ಅಮೋಘವರ್ಷ ಶತ್ರುಗಳನ್ನು ಸುಟ್ಟ ಪ್ರಸಂಗ. ಸಾಮಂತರ ದಂಗೆಯೊಂದು ವ್ಯಾಕರಣದ ಉದಾಹರಣೆಯಲ್ಲಿ ಹೀಗೆ ಸಿಕ್ಕಿಕೊಂಡು ಉಳಿದಿದೆ. ಸಾತ್ವಿಕ, ಕವಿಹೃದಯದ ನೃಪತುಂಗ ಎಂದು ನಾವು ಚಿತ್ರ ಬರೆದುಕೊಂಡಿದ್ದೇವಲ್ಲ, ಆ ಚಿತ್ರದ ಪಕ್ಕದಲ್ಲಿ ಈ ಉದಾಹರಣೆಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಅದೇ ಅರಸ, ಪ್ರಜೆಗಳಿಗೆ ಬಂದ ಆಪತ್ತು ಕಳೆಯಲೆಂದು ತನ್ನ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದನೆಂದು 871ರ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಜಿನಸೇನಾಚಾರ್ಯರ ಪಾದಕ್ಕೆರಗಿ ತಾನು ಪವಿತ್ರನಾದೆನೆಂದುಕೊಂಡವನೂ ಅವನೇ. ಲಕ್ಷ್ಮಿಗೆ ಬೆರಳು, ಜಿನಮುನಿಗೆ ತಲೆ. ಎರಡನ್ನೂ ಒಪ್ಪಿಸುವುದರಲ್ಲಿ ಅವನಿಗೆ ತೊಡಕು ಕಾಣಲಿಲ್ಲ.

ಆ ಜಿನಸೇನರು ಸಂಸ್ಕೃತದಲ್ಲಿ 'ಆದಿಪುರಾಣ'ವನ್ನು ಕೈಗೆತ್ತಿಕೊಂಡರು. ಅದಕ್ಕೆ ಮುಂಚೆ 'ಪಾರ್ಶ್ವಾಭ್ಯುದಯ' ಬರೆದು, ಕಾಳಿದಾಸನ ಮೇಘದೂತದ ಒಂದೊಂದು ಸಾಲನ್ನೂ ತಮ್ಮ ಪದ್ಯಗಳೊಳಗೆ ಹೆಣೆದು, ವಿರಹದ ಕಾವ್ಯವನ್ನು ತೀರ್ಥಂಕರನ ಕಥೆಯಾಗಿ ತಿರುಗಿಸಿದ್ದರು. ಆದಿಪುರಾಣ ಅವರ ಕೈಯಲ್ಲಿ ಮುಗಿಯಲಿಲ್ಲ. ಶಿಷ್ಯ ಗುಣಭದ್ರರು ಮುಂದುವರಿಸಿ ಉತ್ತರಪುರಾಣ ಕೂಡಿಸಿದರು. 898ರಲ್ಲಿ ಆ ಗ್ರಂಥಕ್ಕೆ ಪೂಜೆ ನಡೆದದ್ದು ಬಂಕಾಪುರದಲ್ಲಿ, ಈಗಿನ ಹಾವೇರಿ ಜಿಲ್ಲೆಯಲ್ಲಿ. ಮುಂದೆ ಪಂಪ ಕನ್ನಡದ ಆದಿಪುರಾಣ ಬರೆಯುವಾಗ ಎದುರಿಗೆ ಇಟ್ಟುಕೊಂಡದ್ದು ಇದೇ ಜಿನಸೇನರನ್ನು.

ಈ ಗುಂಪಿನ ನಡುವೆ 'ಕವಿರಾಜಮಾರ್ಗ'. ಬರೆದವನು ಶ್ರೀವಿಜಯ, ಅನುಮತಿಯ ಮುದ್ರೆ ನೃಪತುಂಗನದು. ದಂಡಿಯ 'ಕಾವ್ಯಾದರ್ಶ'ವನ್ನು ಮುಂದಿಟ್ಟುಕೊಂಡು ಬರೆದ ಕಾವ್ಯಶಾಸ್ತ್ರ ಅದು. ದಂಡಿಯನ್ನು ಸಿಂಹಳದವರು, ತಮಿಳರು, ಟಿಬೆಟ್ಟಿನವರೂ ತಮ್ಮ ನುಡಿಗೆ ತಂದುಕೊಂಡರು. ಆದರೆ ಶ್ರೀವಿಜಯನ ಹಾಗೆ ಅನುವಾದದ ನಡುವೆ ಪುಸ್ತಕ ಮಡಚಿಟ್ಟು, ತನ್ನ ನಾಡು ಎಲ್ಲಿಂದ ಎಲ್ಲಿಯವರೆಗೆ, ತನ್ನ ಜನ ಎಂಥವರು, ಅವರ ಮಾತು ಎಷ್ಟು ಬಗೆ ಎಂದು ವಿವರಿಸುವುದಕ್ಕೆ ಕೂತವರು ವಿರಳ. ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಅವನ ಗಡಿರೇಖೆಯನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಸವೆಯುವಷ್ಟು ಬಳಸಿದ್ದೇವೆ. ಅದರ ಬೆನ್ನಿಗೇ ಬರುವ ಮಾತನ್ನು ಅಷ್ಟಾಗಿ ಬಳಸಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಈ ದೊಡ್ಡ ನಾಡಿನೊಳಗೆ ಕನ್ನಡದ ತಿರುಳು ಎಲ್ಲಿದೆ ಎಂದು ಕೇಳಿಕೊಂಡು ಶ್ರೀವಿಜಯ ನಾಲ್ಕು ಊರುಗಳ ಹೆಸರು ಹೇಳುತ್ತಾನೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಸೀಮೆಯ ಒಕ್ಕುಂದ. ಇವುಗಳ ನಡುವಣ ನುಡಿಯೇ ತಿರುಳ್ಗನ್ನಡ. ಮಾನ್ಯಖೇಟದ ಹೆಸರು ಈ ನಾಲ್ಕರಲ್ಲಿ ಇಲ್ಲ. ಅರಮನೆಯ ನೆರಳಿನಲ್ಲಿ ಕೂತು, ಅರಸನ ಒಪ್ಪಿಗೆ ಪಡೆದು ಬರೆಯುತ್ತಿರುವ ಪಂಡಿತ, ಅರಸನ ಊರಿನ ಮಾತೇ ಶ್ರೇಷ್ಠ ಎಂದು ಒಂದು ಸಾಲು ಸೇರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅರಸನಂತೂ ಬೇಡ ಎನ್ನುತ್ತಿರಲಿಲ್ಲ. ಅವನು ಸೇರಿಸಲಿಲ್ಲ. ರಾಜಧಾನಿಯಿಂದ ನೂರಾರು ಕಿಲೋಮೀಟರ್ ದೂರದ ಊರುಗಳ ಕಡೆಗೆ ಬೊಟ್ಟುಮಾಡಿದ. ಸಾಲದ್ದಕ್ಕೆ, ಕನ್ನಡದೊಳಗಿನ ಬಗೆಬಗೆಯ ಮಾತುಗಳನ್ನು ವಿವರಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಸಾಕಾಗಿಹೋಗುತ್ತದೆ ಎಂಬರ್ಥದ ಮಾತನ್ನೂ ಹೇಳಿದ.

ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಇವತ್ತು ಕಲಬುರಗಿ ಕಡೆಯ ಮಾತು ಸಿನಿಮಾಗಳಲ್ಲಿ ಬರುವುದು ಹೆಚ್ಚಾಗಿ ನಗಿಸಲಿಕ್ಕೆ. ಬೆಂಗಳೂರಿನ ಟೀವಿ ಸ್ಟುಡಿಯೋದಲ್ಲಿ ಆಡುವ ಕನ್ನಡವೇ ಶುದ್ಧ, ಉಳಿದದ್ದೆಲ್ಲ 'ಭಾಷೆ ಸರಿಯಿಲ್ಲ' ಎಂಬ ಭಾವನೆ ಊರೂರಿನಲ್ಲಿ ಬೇರುಬಿಟ್ಟಿದೆ. ಕನ್ನಡದ ಮೊದಲ ದೊಡ್ಡ ರಾಜಧಾನಿಗೆ ಈ ಸೊಕ್ಕು ಇರಲಿಲ್ಲ ಎಂಬುದನ್ನು ಕವಿರಾಜಮಾರ್ಗ ಓದಿದವರಾದರೂ ಹೇಳಬೇಕು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಎಂದು ಅದೇ ಗ್ರಂಥ ಹೇಳಿದ್ದನ್ನು ನಾವು ಧರ್ಮದ ವಿಷಯಕ್ಕೆ ಉದ್ಧರಿಸುತ್ತೇವೆ. ಮಾತಿನ ವಿಷಯದಲ್ಲೂ ಅದನ್ನು ಅಲ್ಲಿಯ ಜನ ಪಾಲಿಸಿದಂತೆ ಕಾಣುತ್ತದೆ.

ಪಾಲಿಸಿದ್ದಕ್ಕೆ ಸಾಕ್ಷಿ ಬೇಕಾದರೆ ಪುಷ್ಪದಂತನ ಕಥೆ ಕೇಳಬೇಕು. ಹತ್ತನೆಯ ಶತಮಾನ, ಮೂರನೆಯ ಕೃಷ್ಣ ಅರಸ. ಚೋಳ ರಾಜಾದಿತ್ಯನನ್ನು 949ರಲ್ಲಿ ತಕ್ಕೋಲದ ಕಾಳಗದಲ್ಲಿ ಮುಗಿಸಿ ದಕ್ಷಿಣವನ್ನೆಲ್ಲ ನಡುಗಿಸಿದವನು. ಆ ದಿನಗಳಲ್ಲಿ ಒಬ್ಬ ಕವಿ ದೂರದಿಂದ ನಡೆದು ಬಂದು ಮಾನ್ಯಖೇಟದ ಹೊರಗಿನ ತೋಟದಲ್ಲಿ ಸುಸ್ತಾಗಿ ಮಲಗಿದ. ಇನ್ನೊಬ್ಬ ಅರಸನ ಬಳಿ ಅವಮಾನ ಅನುಭವಿಸಿ ಬಂದಿದ್ದವನು. ಇಬ್ಬರು ಊರವರು ಬಂದು, ಇಷ್ಟು ದೊಡ್ಡ ಪಟ್ಟಣ ಇರುವಾಗ ಇಲ್ಲೇಕೆ ಮಲಗಿದ್ದೀರಿ ಎಂದರೆ, ದುರ್ಜನರ ಗಂಟುಹಾಕಿದ ಹುಬ್ಬು ನೋಡುವುದಕ್ಕಿಂತ ಗುಹೆಯಲ್ಲಿ ಸಾಯುವುದು ಮೇಲು ಎಂದನಂತೆ. ಸಿರಿವಂತರ ಮೇಲೆ, ಅರಸೊತ್ತಿಗೆಯ ಮೇಲೆ ಅವನಿಗೆ ಅಷ್ಟು ಸಿಟ್ಟು. ತನ್ನ ಬಿರುದು 'ಅಭಿಮಾನಮೇರು' ಎಂದು ಹೇಳಿಕೊಂಡವನು. ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಮಾಂಸವಿಲ್ಲ, ರೂಪವೂ ಇಲ್ಲ ಎಂದು ತಾನೇ ಹೇಳಿಕೊಂಡವನೂ ಹೌದು. ಆ ಊರವರು ಅವನನ್ನು ಸಮಾಧಾನ ಮಾಡಿ ಮಂತ್ರಿ ಭರತನ ಮನೆಗೆ ಕರೆತಂದರು.

ಭರತ ಅವನಿಗೆ ಮನೆ, ಊಟ, ಮರ್ಯಾದೆ ಕೊಟ್ಟು ಬರೆಯಿಸಿದ್ದು 'ಮಹಾಪುರಾಣ'. 959ರಲ್ಲಿ ಆರಂಭ, 965ರಲ್ಲಿ ಮುಕ್ತಾಯ. ಭಾಷೆ ಕನ್ನಡವೂ ಅಲ್ಲ, ಸಂಸ್ಕೃತವೂ ಅಲ್ಲ, ಅಪಭ್ರಂಶ. ಕಾಗಿಣಾ ದಂಡೆಯ ಮಂತ್ರಿಯೊಬ್ಬ ತನ್ನ ಮನೆಯ ಪಡಸಾಲೆಯಲ್ಲಿ ಉತ್ತರದ ದೇಸಿ ನುಡಿಯ ಮಹಾಕಾವ್ಯವನ್ನು ಬರೆಯಿಸಿಕೊಂಡ. ಭರತನ ಮಗ, 'ನನ್ನ' ಎಂಬ ಹೆಸರಿನವನು, ಅಪ್ಪನ ಹಾದಿಯನ್ನೇ ಹಿಡಿದು ಇನ್ನೆರಡು ಕಾವ್ಯ ಬರೆಯಿಸಿದ. ಅವುಗಳಲ್ಲಿ ಒಂದು ಯಶೋಧರನ ಕಥೆ. 1209ರಲ್ಲಿ ಜನ್ನ ಕನ್ನಡಕ್ಕೆ ತಂದದ್ದೂ ಇದೇ ಕಥೆಯನ್ನು. ಸಾವಿರ ವರ್ಷ ಕಳೆದು, 1937ರಿಂದ 1941ರವರೆಗೆ ಪಿ.ಎಲ್. ವೈದ್ಯರು ಮಹಾಪುರಾಣವನ್ನು ಮೂರು ಸಂಪುಟಗಳಲ್ಲಿ ಸಂಪಾದಿಸಿದರು. ರಾಹುಲ ಸಾಂಕೃತ್ಯಾಯನರು ಹಿಂದಿಯ ಹಳೆಯ ಕಾವ್ಯಧಾರೆಯನ್ನು ಹುಡುಕುತ್ತ ಹೊರಟಾಗ ಪುಷ್ಪದಂತನನ್ನೂ ಅದರಲ್ಲಿ ಸೇರಿಸಿದರು. ಹೀಗೆ ಹಿಂದಿ ಸಾಹಿತ್ಯ ಚರಿತ್ರೆಯ ಒಂದು ಆರಂಭದ ಅಧ್ಯಾಯ ಸೇಡಂ ತಾಲ್ಲೂಕಿನಲ್ಲಿ ಇದೆ. ಹಿಂದಿ-ಕನ್ನಡ ಜಗಳ ಕಾವೇರಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ಎರಡೂ ಕಡೆಯವರಿಗೆ ಹೇಳಿ ನೋಡಿದ್ದೇನೆ, ಇಬ್ಬರಿಗೂ ಅಷ್ಟೇನೂ ರುಚಿಸಿಲ್ಲ.

ಅದೇ ಕೃಷ್ಣ ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದು ಕೊಟ್ಟ. ಕನ್ನಡ, ಸಂಸ್ಕೃತ ಎರಡರಲ್ಲೂ ಚಕ್ರವರ್ತಿ ಎಂದರ್ಥ. ಅದೇ ಕೃಷ್ಣನನ್ನು ಹಲಾಯುಧ 'ಕವಿರಹಸ್ಯ'ದಲ್ಲಿ ಹೊಗಳುತ್ತ ಸಂಸ್ಕೃತ ಧಾತುಗಳ ಪಾಠ ಮಾಡಿದ. ಸೋಮದೇವ ಸೂರಿಯ 'ಯಶಸ್ತಿಲಕ' 959ರಲ್ಲಿ ಮುಗಿದದ್ದು ಕೃಷ್ಣನ ಸಾಮಂತರಾದ ವೇಮುಲವಾಡದ ಚಾಳುಕ್ಯರ ನೆರಳಿನಲ್ಲಿ. ಪಂಪನೂ ಅದೇ ಮನೆತನದ ಅರಿಕೇಸರಿಯ ಆಸ್ಥಾನದವನು. ಇವತ್ತಿನ ತೆಲಂಗಾಣದಲ್ಲಿ ಕೂತು 941ರಲ್ಲಿ ಎರಡು ಮಹಾಕಾವ್ಯ ಮುಗಿಸಿದ. ಅವನೂ ತನ್ನ ಕನ್ನಡ ಪುಲಿಗೆರೆಯ ತಿರುಳ್ಗನ್ನಡ ಎಂದೇ ಹೆಮ್ಮೆಪಟ್ಟ, ಬನವಾಸಿಯನ್ನು ನೆನೆದು ಹಂಬಲಿಸಿದ. ಚಕ್ರವರ್ತಿಯ ಊರಿನ ಮಾತು ತನ್ನದೆಂದು ಹೇಳಿಕೊಳ್ಳಬೇಕು ಎಂದು ಅವನಿಗೂ ಅನ್ನಿಸಲಿಲ್ಲ.

ಕೃಷ್ಣ 967ರಲ್ಲಿ ತೀರಿಕೊಂಡ ಮೇಲೆ ಎಲ್ಲವೂ ಬೇಗ ಕುಸಿಯಿತು. ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ. 972ರಲ್ಲಿ ಮಾಳವದ ಪರಮಾರ ಸೀಯಕ ಸೈನ್ಯ ತಂದು ಮಾನ್ಯಖೇಟವನ್ನು ಕೊಳ್ಳೆಹೊಡೆದ. ಈ ಕೊಳ್ಳೆಗೆ ನಿಖರವಾದ ವರ್ಷ ನಮಗೆ ಸಿಗುವುದು ಒಂದು ನಿಘಂಟಿನಿಂದ ಎಂಬುದು ಈ ಊರಿನ ಚರಿತ್ರೆಗೆ ತಕ್ಕಂತೆಯೇ ಇದೆ. ಧಾರಾನಗರದ ಧನಪಾಲ ತನ್ನ ತಂಗಿ ಸುಂದರಿಗಾಗಿ 'ಪಾಇಯಲಚ್ಛೀ' ಎಂಬ ಪ್ರಾಕೃತ ಶಬ್ದಕೋಶ ಬರೆದ. ಅದರ ಕೊನೆಯಲ್ಲಿ, ವಿಕ್ರಮ ಸಂವತ್ಸರ 1029 ಕಳೆದು, ಮಾಳವದವರ ದಾಳಿಯಲ್ಲಿ ಮಾನ್ಯಖೇಟ ಲೂಟಿಯಾದ ಹೊತ್ತಿನಲ್ಲಿ ಇದನ್ನು ಬರೆದೆನೆಂದು ದಾಖಲಿಸಿದ. ಗೆದ್ದವರ ಊರಿನಲ್ಲಿ ಅದು ತಂಗಿಗೆ ಕೊಟ್ಟ ಉಡುಗೊರೆಯ ತಾರೀಖು. ಸೋತವರ ಊರಿನಲ್ಲಿ ಪುಷ್ಪದಂತ ಇನ್ನೂ ಬದುಕಿದ್ದ. ದೀನರಿಗೆ, ಅನಾಥರಿಗೆ ಆಸರೆಯಾಗಿದ್ದ ಈ ಪಟ್ಟಣ ಧಾರೆಯ ದೊರೆಯ ಕೋಪಕ್ಕೆ ಸುಟ್ಟುಹೋದ ಮೇಲೆ ಪುಷ್ಪದಂತ ಇನ್ನೆಲ್ಲಿ ಇರಬೇಕು ಎಂದು ಮರುಗುವ ಸಂಸ್ಕೃತ ಶ್ಲೋಕವೊಂದು ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಸಿಗುತ್ತದೆ. ಊರೊಳಗೆ ಬರಲೊಲ್ಲೆ ಎಂದು ತೋಟದಲ್ಲಿ ಮಲಗಿದ್ದವನು ಅವನು.

ಮರುವರ್ಷ ತೈಲಪ ದಂಗೆಯೆದ್ದು ಕಲ್ಯಾಣ ಚಾಳುಕ್ಯರ ಆಳ್ವಿಕೆ ಶುರುಮಾಡಿದ. ರಾಷ್ಟ್ರಕೂಟರ ಕೊನೆಯ ಕುಡಿ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹಬಿಟ್ಟ. ಚಾಳುಕ್ಯರೂ ಕೆಲವು ದಶಕ ಮಾನ್ಯಖೇಟದಿಂದಲೇ ಆಳಿ, ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರನ ಕಾಲಕ್ಕೆ ಕಲ್ಯಾಣಕ್ಕೆ ಗಂಟುಮೂಟೆ ಕಟ್ಟಿದರು. ಅಲ್ಲಿಗೆ ಊರಿನ ರಾಜಧಾನಿತನ ಮುಗಿಯಿತು. ಪುಸ್ತಕಗಳು ಮಾತ್ರ ಅಷ್ಟರಲ್ಲಿ ಊರು ಬಿಟ್ಟು ಹೊರಟಿದ್ದವು. ಪೊನ್ನನಿಂದ 'ಶಾಂತಿಪುರಾಣ' ಬರೆಯಿಸಿದವರಲ್ಲಿ ಒಬ್ಬನಾದ ಮಲ್ಲಪಯ್ಯನ ಮಗಳು ಅತ್ತಿಮಬ್ಬೆ. ಆಕೆ ಆ ಕಾವ್ಯದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಅದು ದೇವಾಲಯ ಕಟ್ಟಿಸುವಷ್ಟೇ ದೊಡ್ಡ ಕೆಲಸ. ನನ್ನನ್ನು ಕೇಳಿದರೆ ಅದಕ್ಕಿಂತ ದೊಡ್ಡದು: ಮಾನ್ಯಖೇಟದ ಕಟ್ಟಡಗಳು ಉಳಿಯಲಿಲ್ಲ, ಶಾಂತಿಪುರಾಣ ಉಳಿಯಿತು. ಪ್ರತಿ ಮಾಡಿಸುವವರು ಸಿಗದ ಪುಸ್ತಕಗಳ ಗತಿ ಏನಾಯಿತೆಂದೂ ಗೊತ್ತಿದೆ. ಕವಿರಾಜಮಾರ್ಗ ತನಗಿಂತ ಹಿಂದಿನ ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡದ ಒಂದು ಓಲೆಯೂ ನಮಗೆ ಸಿಕ್ಕಿಲ್ಲ. ಪೊನ್ನನ ಇನ್ನೊಂದು ಕಾವ್ಯ 'ಭುವನೈಕರಾಮಾಭ್ಯುದಯ'ವೂ ಹೋಯಿತು. ಕವಿರಾಜಮಾರ್ಗ ಅಚ್ಚಾದದ್ದು 1898ರಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ. ಅಂದರೆ ನಾವು ಇಷ್ಟೆಲ್ಲ ಹೆಮ್ಮೆಪಡುತ್ತಿರುವುದು ಸುಮಾರು ನೂರಿಪ್ಪತ್ತು ವರ್ಷಗಳಿಂದ ಈಚೆಗೆ.

ಅರಸರು ಹೋದ ಮೇಲೂ ಊರಿಗೆ ಓದುಬರಹದ ನಂಟು ಪೂರ್ತಿ ತಪ್ಪಲಿಲ್ಲ. ಜೈನ ಭಟ್ಟಾರಕರ ಪೀಠ ಇಲ್ಲಿ ಶತಮಾನಗಳ ಕಾಲ ನಡೆಯಿತು. ಹದಿನಾಲ್ಕನೆಯ ಶತಮಾನದಲ್ಲಿ ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆಗಳನ್ನು ಬರೆದು 'ನ್ಯಾಯಸುಧಾ' ಕೊಟ್ಟ ಜಯತೀರ್ಥರ, ಅಂದರೆ ಟೀಕಾರಾಯರ, ಮೂಲ ವೃಂದಾವನ ಇಲ್ಲಿಯೇ ಇದೆ ಎಂಬುದು ಉತ್ತರಾದಿ ಮಠದ ಪರಂಪರೆ. ಆಷಾಢದಲ್ಲಿ ಅವರ ಆರಾಧನೆಗೆ ಜನ ಊರು ತುಂಬುತ್ತಾರೆ. ಇವತ್ತಿಗೂ ಆ ಸೀಮೆಯಲ್ಲಿ ಹಲವರಿಗೆ ಮಳಖೇಡವೆಂದರೆ ನೃಪತುಂಗನಿಗಿಂತ ಮೊದಲು ಟೀಕಾರಾಯರು. ಅದರಲ್ಲಿ ಬೇಸರಿಸುವುದೇನಿಲ್ಲ. ಅವರೂ ಗ್ರಂಥಕಾರರೇ ಅಲ್ಲವೆ?

ಹೋಗುವವರು ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿ, ಬಿಸಿಲು ತಾಳಬಹುದು, ಕಾಗಿಣಾದಲ್ಲಿ ನೀರೂ ಇರುತ್ತದೆ. ರೈಲಿನಲ್ಲಾದರೆ ವಾಡಿಯಿಂದ ಸಿಕಂದರಾಬಾದ್ ಕಡೆಯ ಮಾರ್ಗದಲ್ಲಿ ಮಳಖೇಡ ರೋಡ್ ಎಂಬ ನಿಲ್ದಾಣವಿದೆ, ಆದರೆ ಊರು ಅಲ್ಲಿಂದ ದೂರ. ಕಲಬುರಗಿಯಿಂದ ಸೇಡಂ ಬಸ್ಸು ಹಿಡಿಯುವುದೇ ಸಲೀಸು. ಮಕ್ಕಳಿಗೆ ಹೋಗುವ ಮುಂಚೆ ಮಹಾವೀರನ ಒಂದೆರಡು ಲೆಕ್ಕ ಬಿಡಿಸಿ ತೋರಿಸಿ, ಪುಷ್ಪದಂತನ ಕಥೆ ಹೇಳಿ. ಆಮೇಲೆ ಕೋಟೆಯ ಗೋಡೆ ಹತ್ತಿದರೆ ಏನೂ ಇಲ್ಲ ಎಂಬ ದೂರು ಬರುವುದಿಲ್ಲ.

ಸರಕಾರಕ್ಕೂ ಒಂದು ಕೇಳಿಕೆ ಇದೆ. ಗೋಡೆಗೆ ಸುಣ್ಣಗಾರೆ ಬಳಿದು ರಿಪೇರಿ ಮಾಡುವುದು ಸರಿ, ಉತ್ಸವ ಮಾಡುವುದಾದರೆ ಅದೂ ಆಗಲಿ. ಅದರ ಜೊತೆಗೆ ಕೋಟೆಯ ಬಾಗಿಲಲ್ಲಿ ಒಂದು ಫಲಕ ನಿಲ್ಲಿಸಿ, ಶ್ರೀವಿಜಯ, ಮಹಾವೀರಾಚಾರ್ಯ, ಶಾಕಟಾಯನ, ಜಿನಸೇನ, ಗುಣಭದ್ರ, ಪೊನ್ನ, ಪುಷ್ಪದಂತ, ಹಲಾಯುಧ ಎಂದು ಹೆಸರು ಕೆತ್ತಿಸಲಿ. ಹೆಸರಿನ ಮುಂದೆ ಅವರ ಗ್ರಂಥ, ಅದರ ಭಾಷೆ ಇಷ್ಟು ಬರೆದರೆ ಸಾಕು. ಕಲ್ಲು ದೂರದಿಂದ ತರಿಸಬೇಕಾಗಿಲ್ಲ, ಶಹಾಬಾದ್ ಫರಸಿ ಪಕ್ಕದಲ್ಲೇ ಸಿಗುತ್ತದೆ.